ಸುಳ್ಳು ಪ್ರೇಮಿಗಳ ಕಥೆ: ಕೊನೆ ಮೊದಲೇ ಗೊತ್ತಿದ್ದರೂ ಯಾಕೆ ಓದುತ್ತೇವೆ?

ನೀವು ಕೇಳಿದ್ದು ಇದು: ಹದಿನೆಂಟು ಹತ್ತೊಂಬತ್ತು ವಯಸ್ಸಿನ ಹುಡುಗ ಹುಡುಗಿ ಊರಿಗೆಲ್ಲ ಪ್ರೇಮಿಗಳ ಹಾಗೆ ನಾಟಕ ಆಡಿ, ಕೊನೆಗೆ ನಿಜವಾಗಿಯೂ ಪ್ರೀತಿಸುವ ಕಾದಂಬರಿ ಬರೆಯುತ್ತಿದ್ದೀರಿ. ಅರ್ಧ ಆಗಿದೆ. ಕೊನೆ ಏನು ಅಂತ ಮೊದಲ ಪುಟದಲ್ಲೇ ಎಲ್ಲರಿಗೂ ಗೊತ್ತಾಗುತ್ತದಲ್ಲ, ಮತ್ತೆ ಯಾಕೆ ಓದುತ್ತಾರೆ?

ಈ ಬಗೆಯ ಕಥೆಗಳನ್ನು ನಾನು ಹುಡುಕಿಕೊಂಡು ಓದುತ್ತೇನೆ. ಓದುಗಳಾಗಿ ಹೇಳುತ್ತೇನೆ, ಕೊನೆ ಗೊತ್ತಿರುವುದು ತೊಂದರೆಯೇ ಅಲ್ಲ. ಅವರಿಬ್ಬರಿಗೆ ಇನ್ನೂ ಗೊತ್ತಿಲ್ಲದ್ದು ನಮಗೆ ಗೊತ್ತಿದೆ. ಮೊದಲು ಯಾರಿಗೆ ಹೊಳೆಯುತ್ತದೆ, ಹೊಳೆದ ಮೇಲೆ ಎಷ್ಟು ದಿನ ಬಚ್ಚಿಡುತ್ತಾರೆ ಅಂತ ಕಾಯುವುದರಲ್ಲೇ ಇದರ ಸುಖ ಇದೆ.

ನನ್ನ ಮಟ್ಟಿಗೆ ಈ ಕಥೆಯ ಜೀವ ಇರುವುದು ಬೇರೆ ಕಡೆ. ಅವರಿಬ್ಬರು ಇಡೀ ಜಗತ್ತಿಗೆ ಸುಳ್ಳು ಹೇಳುತ್ತಿದ್ದಾರೆ, ಸರಿ. ಆದರೆ ಒಬ್ಬರಿಗೊಬ್ಬರು ಹೇಳುತ್ತಿಲ್ಲ. ಅವಳಿಗೆ ಅವನ ಮುಂದೆ ಚೆನ್ನಾಗಿ ಕಾಣಬೇಕು ಅಂತಿಲ್ಲ, ಅವನಿಗೆ ಅವಳನ್ನು ಮೆಚ್ಚಿಸಬೇಕು ಅಂತಿಲ್ಲ. ನಿಜವಾದ ಪ್ರೀತಿಯ ಶುರುವಿನಲ್ಲಿ ಯಾರೂ ಕೇಳಲು ಧೈರ್ಯ ಮಾಡದ ಪ್ರಶ್ನೆಗಳನ್ನು ಇವರು ಮೊದಲ ದಿನವೇ ಕೇಳಿಬಿಡುತ್ತಾರೆ. ನಿನಗೆ ಯಾವುದಕ್ಕೆ ಭಯ? ಅಪ್ಪನ ಜೊತೆ ಯಾಕೆ ಮಾತಿಲ್ಲ? ಯಾರಾದರೂ ಕೇಳಿದರೆ ನನಗೆ ಗೊತ್ತಿರಬೇಕಲ್ವಾ, ಅದಕ್ಕೆ ಹೇಳು. ನಾಟಕ ಒಂದು ನೆಪ ಆಗುತ್ತದೆ, ಆ ನೆಪದ ಮರೆಯಲ್ಲಿ ಇಬ್ಬರೂ ತಮ್ಮ ಬಗ್ಗೆ ನಿಜ ಹೇಳುತ್ತಾ ಹೋಗುತ್ತಾರೆ.

ಒಂದು ಸಣ್ಣ ಉದಾಹರಣೆ ಕಟ್ಟಿ ತೋರಿಸುತ್ತೇನೆ. ಇಬ್ಬರೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪರಸ್ಪರ ಗೊತ್ತಿರಬೇಕಾದ ವಿಷಯ ಬರೆದುಕೊಳ್ಳುತ್ತಿದ್ದಾರೆ. ಹುಟ್ಟಿದ ದಿನ, ಇಷ್ಟದ ಬಣ್ಣ, ಇಂಥವೇ. ಅವಳು ಸುಮ್ನೆ ಹೇಳುತ್ತಾಳೆ, 'ನನಗೆ ಎಡಗಿವಿ ಸರಿಯಾಗಿ ಕೇಳಿಸಲ್ಲ, ಯಾರಿಗೂ ಹೇಳಿಲ್ಲ.' ಅವನು ಅದನ್ನೂ ಬರೆದುಕೊಳ್ಳುತ್ತಾನೆ. ಗೆಳೆಯರ ಪಾರ್ಟಿಯಲ್ಲಿ ಅವಳ ಬಲಕ್ಕೆ ನಿಲ್ಲುತ್ತಾನೆ. ಅದು ನಾಟಕಕ್ಕೆ ಬೇಕಾದದ್ದೇ. ಕೆಲವು ಅಧ್ಯಾಯ ಕಳೆದ ಮೇಲೆ ಇಬ್ಬರೂ ಖಾಲಿ ಕಾರಿಡಾರಿನಲ್ಲಿ ನಡೆಯುತ್ತಿದ್ದಾರೆ. ನೋಡುವವರು ಒಬ್ಬರೂ ಇಲ್ಲ. ಅವತ್ತು ಜಗಳ ಬೇರೆ ಆಗಿದೆ, ಮಾತೇ ಇಲ್ಲ. ಆದರೂ ಅವನು ಹಿಂದಿನಿಂದ ಸುತ್ತಿಕೊಂಡು ಬಂದು ಅವಳ ಬಲಕ್ಕೆ ಸೇರುತ್ತಾನೆ. ಅವಳು ಅದನ್ನು ಗಮನಿಸಿದಳು ಅಂತ ಒಂದು ಸಾಲು ಬರೆಯಿರಿ. ಅವನು ಪ್ರೀತಿಸುತ್ತಿದ್ದಾನೆ ಅಂತ ಮಾತ್ರ ಬರೆಯಬೇಡಿ. ನಾವೇ ಕಂಡುಕೊಳ್ಳುತ್ತೇವೆ.

ಈಗ ಕಥೆಯ ನಡುಭಾಗಕ್ಕೆ ಬನ್ನಿ. ಜಾಸ್ತಿ ಹಸ್ತಪ್ರತಿಗಳು ಸೋಲುವುದು ಇಲ್ಲೇ ಅಂತ ನನ್ನ ಅನಿಸಿಕೆ. ಒಬ್ಬರಿಗೆ ಪ್ರೀತಿ ಶುರುವಾದ ಕ್ಷಣದಿಂದ ಸುಳ್ಳಿನ ದಿಕ್ಕು ಬದಲಾಗುತ್ತದೆ. ಅಲ್ಲಿಯವರೆಗೆ ಅವನು ಹೊರಗಿನವರಿಗೆ ಸುಳ್ಳು ಹೇಳುತ್ತಿದ್ದ, ಅವಳಿಗೆ ನಿಜ ಹೇಳುತ್ತಿದ್ದ. ಈಗ ಎಲ್ಲರ ಮುಂದೆ 'ಇವಳು ನನ್ನ ಹುಡುಗಿ' ಅಂದಾಗ ಅದು ನಿಜ. ಇಬ್ಬರೇ ಇದ್ದಾಗ 'ಇದೆಲ್ಲ ನಾಟಕ ತಾನೇ' ಅಂದಾಗ ಅದು ಸುಳ್ಳು. ತಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ಒಬ್ಬಳೇ ಒಬ್ಬಳಿಗೆ ಈಗ ಸುಳ್ಳು ಹೇಳಬೇಕು. ಎಂಥ ಸಂಕಟ ಅದು! ಹೊರಗಿಂದ ಹಳೆ ಪ್ರೇಮಿಯನ್ನು ಕರೆತಂದು, ಅರ್ಧ ಕೇಳಿಸಿಕೊಂಡ ಫೋನ್ ಮಾತಿನಿಂದ ತಪ್ಪು ತಿಳಿವಳಿಕೆ ಹುಟ್ಟಿಸಿ ಜಗಳ ತರಬೇಕಾದ ಅಗತ್ಯವೇ ಇಲ್ಲ. ಜಗಳ ಒಳಗೇ ಇದೆ. ಮೊದಲು ಎಲ್ಲದಕ್ಕೂ ನೇರ ಉತ್ತರ ಕೊಡುತ್ತಿದ್ದವನು ಈಗ ಮಾತು ತಪ್ಪಿಸುತ್ತಾನೆ. ಅವಳಿಗೆ ಗೊತ್ತಾಗುತ್ತದೆ, ಆದರೆ ಕಾರಣ ಗೊತ್ತಾಗುವುದಿಲ್ಲ. ಅವನಿಗೆ ನಾಟಕ ಸಾಕಾಗಿದೆ ಅಂದುಕೊಳ್ಳುತ್ತಾಳೆ. ಇದನ್ನು ನಿಧಾನವಾಗಿ, ಎರಡು ಮೂರು ಅಧ್ಯಾಯ ಬೆಳೆಸಿ.

ನಾಟಕ ಶುರುವಾಗುವ ಕಾರಣದ ಬಗ್ಗೆಯೂ ಒಂದು ಮಾತು. ಹಳೆ ಹುಡುಗಿಗೆ ಹೊಟ್ಟೆಕಿಚ್ಚು ಹುಟ್ಟಿಸುವುದು ಒಂದೇ ಆದರೆ ಕಥೆ ತೆಳುವಾಗುತ್ತದೆ. ಜೆನ್ನಿ ಹ್ಯಾನ್ ಅವರ 2014ರ ಕಾದಂಬರಿ 'ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್' ನೋಡಿ. 2018ರಲ್ಲಿ ಸಿನಿಮಾ ಕೂಡ ಆಯಿತು. ಅಲ್ಲಿ ಹುಡುಗನಿಗೆ ಹೊಟ್ಟೆಕಿಚ್ಚಿನ ಕಾರಣ ಇದೆ, ನಿಜ. ಆದರೆ ಹುಡುಗಿ ಲಾರಾ ಜೀನ್ ಬಚ್ಚಿಟ್ಟ ಹಳೆ ಪ್ರೇಮಪತ್ರ ಅವಳ ಅಕ್ಕನ ಮಾಜಿ ಗೆಳೆಯನ ಕೈಗೇ ಸೇರಿದೆ. ಅಕ್ಕನ ಮನಸ್ಸು ನೋಯಬಾರದು, ತನ್ನ ಮಾನವೂ ಉಳಿಯಬೇಕು. ನಾಟಕಕ್ಕೆ ಅವಳು ಒಪ್ಪುವುದು ಅದಕ್ಕೆ. ಆ ವಯಸ್ಸಿನಲ್ಲಿ ಇಂಥ ಭಯ ಎಷ್ಟು ದೊಡ್ಡದು ಅಂತ ನಮಗೆಲ್ಲ ಗೊತ್ತು. ನಿಮ್ಮ ಹುಡುಗಿಗೂ ನಿಜ ಹೇಳಿದರೆ ಕಳೆದುಕೊಳ್ಳುವಂಥದ್ದು ಏನಾದರೂ ಇರಲಿ.

ಇನ್ನು, ನಾಲ್ಕು ಜನರ ಮುಂದೆ ನಾಟಕ ಅಂದರೆ ಬರೀ ಕೈ ಹಿಡಿಯುವುದು, ಸೆಲ್ಫಿ ತೆಗೆಯುವುದು ಅಂದುಕೊಳ್ಳಬೇಡಿ. 1934ರ ಹಾಲಿವುಡ್ ಸಿನಿಮಾ 'ಇಟ್ ಹ್ಯಾಪನ್ಡ್ ಒನ್ ನೈಟ್'ನಲ್ಲಿ ಇಬ್ಬರು ಅಪರಿಚಿತರು ಗಂಡ ಹೆಂಡತಿ ಅಂತ ಹೇಳಿಕೊಂಡು ಒಂದೇ ಕೋಣೆಯಲ್ಲಿ ಉಳಿಯುತ್ತಾರೆ. ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟಿದ್ದಾರೆ. ಅವಳನ್ನು ಹುಡುಕಿಕೊಂಡು ಪತ್ತೇದಾರರು ಬಂದಾಗ ಇಬ್ಬರೂ ಥಟ್ಟನೆ ಕಿತ್ತಾಡಲು ಶುರು ಮಾಡುತ್ತಾರೆ. ಬಂದವರು ನಿಜವಾದ ದಂಪತಿ ಅಂತ ನಂಬಿ ಹೋಗಿಬಿಡುತ್ತಾರೆ. ಆ ಕೂಗಾಟದಲ್ಲಿ ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ತಕ್ಷಣ ಹಿಡಿದುಕೊಳ್ಳುವ ರೀತಿ ನೋಡಿದರೆ ಸಾಕು, ಇವರ ಜೋಡಿ ಎಷ್ಟು ಚೆಂದ ಅಂತ ನಮಗೆ ಗೊತ್ತಾಗುತ್ತದೆ. ಅಂಥ ಒಂದು ದೃಶ್ಯ ನಿಮ್ಮಲ್ಲೂ ಬರಲಿ.

ಮುಟ್ಟುವ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಓದುವವರು ಎಳೆಯರು. ನಾಟಕ ಅಂತ ಹೇಳಿ ಕೇಳದೆ ಮುತ್ತು ಕೊಡುವುದನ್ನು ದಯವಿಟ್ಟು ಚೆಂದ ಮಾಡಿ ತೋರಿಸಬೇಡಿ. ಏನು ಸರಿ, ಏನು ಬೇಡ ಅಂತ ಇಬ್ಬರೂ ಮೊದಲೇ ಮಾತಾಡಿಕೊಳ್ಳಲಿ. ಅದರಿಂದ ಕಥೆಗೇ ಲಾಭ. ಬೇಡ ಅಂತ ಬರೆದಿಟ್ಟವಳೇ ಒಂದು ದಿನ ಆ ನಿಯಮ ತೆಗೆದುಬಿಡೋಣ್ವಾ ಅಂತ ಕೇಳಿದರೆ, ಆ ಒಂದು ಪ್ರಶ್ನೆಗೆ ಓದುಗರ ಎದೆ ಹೊಡೆದುಕೊಳ್ಳುತ್ತದೆ.

ಕೊನೆಯ ಭಾಗಕ್ಕೆ ನನ್ನದೊಂದು ಕೋರಿಕೆ. ಇಬ್ಬರೂ ಒಂದಾದ ಕೂಡಲೇ ಪುಸ್ತಕ ಮುಗಿಸಬೇಡಿ. ಇಷ್ಟು ದಿನ ಇವರನ್ನು ನಂಬಿದವರು ಇದ್ದಾರಲ್ಲ? ಗೆಳತಿಯೊಬ್ಬಳು ಇವರಿಗೋಸ್ಕರ ಖುಷಿಪಟ್ಟಿದ್ದಾಳೆ, ತನ್ನ ಗುಟ್ಟುಗಳನ್ನೂ ಹೇಳಿಕೊಂಡಿದ್ದಾಳೆ. 'ಈಗ ನಿಜವಾಗಿಯೂ ಪ್ರೀತಿಸುತ್ತಿದ್ದೇವೆ' ಅಂದರೆ ಅವಳ ನೋವು ಹೋಗುವುದಿಲ್ಲ. ನಾಯಕಿ ಅವಳ ಮನೆಗೆ ಒಬ್ಬಳೇ ಹೋಗಲಿ, ಹುಡುಗನನ್ನು ಕರೆದುಕೊಂಡು ಹೋಗುವುದು ಬೇಡ. ಶುರುವಿನಿಂದ ಎಲ್ಲವನ್ನೂ ಹೇಳಲಿ. ಗೆಳತಿ ತಕ್ಷಣ ತಬ್ಬಿಕೊಳ್ಳಬೇಕಿಲ್ಲ. ಸ್ವಲ್ಪ ದಿನ ಬೇಕು ಅನ್ನಲಿ. ಆ ಅಧ್ಯಾಯ ಬರೆದಾದ ಮೇಲೆ ಇಲ್ಲಿ ಹಾಕಿ, ಖಂಡಿತ ಓದಿ ಹೇಳುತ್ತೇನೆ.