ಸ್ಪಾರ್ಕ್ ಪ್ಲಗ್ ಪದೇ ಪದೇ ಕಪ್ಪಾಗುತ್ತಿದ್ದರೆ

ಪ್ರಶ್ನೆ: ಪೆಟ್ರೋಲ್ ಪಂಪ್‌ಸೆಟ್‌ನ 4 ಸ್ಟ್ರೋಕ್ ಎಂಜಿನ್ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಕೊಡದ ನಿಧಾನ ಓಟದಲ್ಲಿ) ತಡವರಿಸಿ ನಿಲ್ಲುತ್ತದೆ. ಹೊಸ ಪ್ಲಗ್ ಹಾಕಿದರೂ ವಾರದೊಳಗೆ ಕಪ್ಪಾಗುತ್ತದೆ. ಏಕೆ?

ಉತ್ತರ: ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ಮುಟ್ಟಿ ನೋಡಿ. ಜಿಡ್ಡಾಗಿ ಒದ್ದೆಯಿದ್ದರೆ ಆಯಿಲ್ ಉರಿಯುತ್ತಿದೆ: ಮೊದಲು ಆಯಿಲ್ ಮಟ್ಟ ಹೆಚ್ಚಾಗಿದೆಯೇ ನೋಡಿ, ಸರಿಯಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು.

ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಫೋಮ್ ಏರ್ ಫಿಲ್ಟರನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಎಂಜಿನ್ ಆಯಿಲ್ ಸವರಿ ಹಿಂಡಿ ಹಾಕಿ. ಕಾಗದದ್ದಾದರೆ ತೊಳೆಯಬೇಡಿ, ಬದಲಿಸಿ. ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆಯುತ್ತಿದೆಯೇ? ಇಲ್ಲೇ ಅನೇಕರು ಎಡವುವುದು. ಹಳೆಯ ಪೆಟ್ರೋಲಿನ ಅಂಟಿನಿಂದ ಪೈಲಟ್ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ಭಾಗ) ಕಟ್ಟಿಕೊಂಡಾಗ ಎಂಜಿನ್ ಐಡ್ಲಿಂಗ್‌ನಲ್ಲಿ ಓಡದೆ ನಿಂತುಬಿಡುತ್ತದೆ. ಅದು ನಿಲ್ಲದಿರಲೆಂದು ಅರ್ಧ ಚೋಕ್‌ನಲ್ಲೇ ಓಡಿಸುತ್ತಾರೆ, ಪ್ಲಗ್ ಮಸಿಯಾಗುತ್ತದೆ. ನಿಮ್ಮದೂ ಹೀಗೇ ಇದ್ದರೆ ಎಷ್ಟು ಪ್ಲಗ್ ಬದಲಿಸಿದರೂ ಪ್ರಯೋಜನವಿಲ್ಲ. ಜೆಟ್ಟಿನಲ್ಲಿ ಕಟ್ಟಿದ ಅಂಟನ್ನು ಕಾರ್ಬ್ಯುರೇಟರ್ ಕ್ಲೀನರ್, ಗಾಳಿಯಿಂದ ತೆಗೆಯಿರಿ. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಕೆಡುತ್ತದೆ.

ಪ್ಲಗ್ ಗ್ಯಾಪ್ (ಕಿಡಿ ಹಾರುವ ತುದಿಗಳ ನಡುವಿನ ಅಂತರ) ಸಾಮಾನ್ಯವಾಗಿ 0.7–0.8 ಮಿ.ಮೀ.; ಕೈಪಿಡಿಯ ಅಳತೆಯೇ ಅಂತಿಮ. ವಾಷರ್ ಇರುವ ಹೊಸ ಪ್ಲಗ್ ಕೈಯಲ್ಲಿ ಕೂರಿಸಿ, ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು ಸಾಕು.