ಕಪ್ಪು ಬಿಳುಪು ಚಿತ್ರದಲ್ಲಿ ಕೆಂಪು ರಕ್ತ

ಮಾನ್ಯರೇ,

ನೀವು ಕಳುಹಿಸಿದ 'ನಾಲ್ವರು ಕಂಡ ಮೂರು ಚಿತ್ರಗಳು' ಎಂಬ ಲೇಖನ ತಲುಪಿದೆ. ನೀವೂ ನಿಮ್ಮ ಮೂವರು ಸಿನಿಮಾಪ್ರಿಯ ಸ್ನೇಹಿತರೂ ಇತ್ತೀಚೆಗೆ ಒಟ್ಟಿಗೆ ಕುಳಿತು ನೋಡಿದ 'ಬೈಸಿಕಲ್ ಥೀವ್ಸ್', 'ಟೋಕಿಯೊ ಸ್ಟೋರಿ' ಮತ್ತು 'ಸೈಕೋ' ಚಿತ್ರಗಳ ಬಗ್ಗೆ ಆಡಿಕೊಂಡ ಮಾತುಗಳನ್ನು, ಹಂಚಿಕೊಂಡ ಅಭಿಪ್ರಾಯಗಳನ್ನು ಅದರಲ್ಲಿ ಒಟ್ಟುಗೂಡಿಸಿದ್ದೀರಿ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ನಿರ್ದೇಶಕರ ಹೆಸರುಗಳೂ ಬಿಡುಗಡೆಯಾದ ವರ್ಷಗಳೂ ಸರಿಯಾಗಿವೆ. ಇಷ್ಟು ಅಚ್ಚುಕಟ್ಟಾದ ಹಸ್ತಪ್ರತಿ ನಮ್ಮ ಮೇಜಿಗೆ ಬರುವುದು ಅಪರೂಪ. ಇದನ್ನು ಹೇಳುವುದು ನನ್ನ ಕರ್ತವ್ಯವಾಗಿತ್ತು, ಹೇಳಿದ್ದಾಯಿತು. ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಎರಡು ಸಾಲು ಬರೆದು ಮುಗಿಸುವ ನಾನು ಇಷ್ಟುದ್ದದ ಪತ್ರಕ್ಕೆ ಕೈ ಹಾಕಿದ್ದೇಕೆಂದರೆ, ನಿಮ್ಮ ಲೇಖನ ಎರಡು ದಿನ ನನ್ನ ತಲೆಯಿಂದ ಇಳಿಯಲಿಲ್ಲ. ಅದರಲ್ಲೂ ಐದನೆಯ ಪುಟದ ಒಂದು ಕಡೆ ನನಗೆ ನಿಜಕ್ಕೂ ಸಿಟ್ಟು ಬಂದಿತು. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು 'ಸೈಕೋ' ಕುರಿತ ನಿಮ್ಮ ವಾಕ್ಯವನ್ನು ನೋಡೋಣ. "ಸ್ನಾನದ ಕೋಣೆಯ ದೃಶ್ಯದಲ್ಲಿ ಕೆಂಪು ರಕ್ತ ನೀರಿನೊಂದಿಗೆ ಸುತ್ತುತ್ತಾ ಕೊಳವೆಗೆ ಇಳಿದುಹೋಗುವಾಗ ಪ್ರೇಕ್ಷಕರ ಮೈ ಜುಮ್ಮೆನ್ನುತ್ತದೆ." ಆ ಚಿತ್ರ ಬಿಡುಗಡೆಯಾದದ್ದು 1960ರಲ್ಲಿ ಎಂದು ನೀವೇ ಬರೆದಿದ್ದೀರಿ. ಅದು ಮೊದಲಿನಿಂದ ಕೊನೆಯವರೆಗೆ ಕಪ್ಪು ಬಿಳುಪು ಚಿತ್ರವೆಂಬುದನ್ನು ಮಾತ್ರ ಬರೆದಿಲ್ಲ. ಅದರ ಹಿಂದಿನ ವರ್ಷವಷ್ಟೇ ಬಣ್ಣದ ಚಿತ್ರವೊಂದನ್ನು ಮಾಡಿ ಮುಗಿಸಿದ್ದ ನಿರ್ದೇಶಕ ಹಿಚ್‌ಕಾಕ್ ಇದಕ್ಕೆ ಕಪ್ಪು ಬಿಳುಪನ್ನು ಆರಿಸಿಕೊಂಡದ್ದಕ್ಕೆ ಖರ್ಚಿನ ಲೆಕ್ಕಾಚಾರವೂ ಕಾರಣ, ಅಷ್ಟೊಂದು ರಕ್ತವನ್ನು ಬಣ್ಣದಲ್ಲಿ ತೋರಿಸಿದರೆ ಅದು ಅಸಹ್ಯವಾದೀತು ಎಂಬ ಅಂಜಿಕೆಯೂ ಕಾರಣ. ಕೊಳವೆಗೆ ಇಳಿದುಹೋದದ್ದು ಚಾಕೊಲೇಟ್ ಸಿರಪ್. ಚೂರಿಯ ಇರಿತಗಳು ನಡೆಯುವ ಭಾಗ ಒಂದು ನಿಮಿಷವೂ ಇಲ್ಲ. ಅಷ್ಟರೊಳಗೆ ಹತ್ತಾರು ತುಣುಕು ಶಾಟ್‌ಗಳು ಒಂದರ ಮೇಲೊಂದು ಬೀಳುತ್ತವೆ. ಎತ್ತಿದ ಕೈ, ತೆರೆದ ಬಾಯಿ, ಸುರಿಯುವ ನೀರು, ಜಾರುವ ಪಾದ, ಇವುಗಳ ನಡುವೆ ಸಂಗೀತ ಸಂಯೋಜಕ ಬರ್ನಾರ್ಡ್ ಹೆರ್ಮನ್ ಅವರ ಪಿಟೀಲುಗಳು ಕಿರುಚುತ್ತವೆ. ಇಡೀ ಚಿತ್ರಕ್ಕೆ ಅವರು ತಂತಿವಾದ್ಯಗಳನ್ನು ಬಿಟ್ಟು ಬೇರೇನನ್ನೂ ಬಳಸಲಿಲ್ಲ. ಈ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ಯೋಚಿಸಿದ್ದರು. ಹೆರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಾಯಿಸಿದರು.

ಹಾಗಾದರೆ ನೀವು ಕಂಡ ಕೆಂಪು ಎಲ್ಲಿಂದ ಬಂದಿತು? ತೆರೆಯ ಮೇಲೆ ಇಲ್ಲದ ಬಣ್ಣವನ್ನು ನಿಮ್ಮ ಮನಸ್ಸೇ ಬಳಿದುಕೊಂಡಿತು. ಇದನ್ನು ನಾನು ತಪ್ಪೆಂದು ಕರೆಯುವುದಿಲ್ಲ, ನಿಮಗೆ ದಕ್ಕಿದ ಅದೃಷ್ಟವೆಂದು ಕರೆಯುತ್ತೇನೆ. ಬೂದು ಬಣ್ಣದ ದ್ರವವನ್ನು ನೋಡಿಯೂ ಅದನ್ನು ಕೆಂಪೆಂದೇ ನೆನಪಿಟ್ಟುಕೊಳ್ಳುವಂತೆ ಒಂದು ದೃಶ್ಯ ನಿಮ್ಮನ್ನು ಮಾಡಿದೆಯೆಂದರೆ, ಆ ದೃಶ್ಯದ ಬಗ್ಗೆ ಅದಕ್ಕಿಂತ ದೊಡ್ಡ ಅಭಿಪ್ರಾಯ ಇನ್ನೇನಿದ್ದೀತು? "ನಾನು ಅಲ್ಲಿ ಕೆಂಪನ್ನು ಕಂಡೆ, ಎರಡನೆಯ ಸಲ ನೋಡಿದಾಗ ಅಲ್ಲಿ ಕೆಂಪು ಇರಲಿಲ್ಲ" ಎಂದು ಬರೆದಿದ್ದರೆ ನಿಮ್ಮ ಲೇಖನವನ್ನು ಮರುಮಾತಿಲ್ಲದೆ ಅಚ್ಚಿಗೆ ಕಳುಹಿಸುತ್ತಿದ್ದೆ. ನೀವು ಎರಡನೆಯ ಸಲ ನೋಡಲಿಲ್ಲ. ಸಾಲದ್ದಕ್ಕೆ, ನಿಮ್ಮ ಮೈ ಜುಮ್ಮೆಂದದ್ದನ್ನು ತೆಗೆದುಕೊಂಡು ಹೋಗಿ 'ಪ್ರೇಕ್ಷಕರ' ಲೆಕ್ಕಕ್ಕೆ ಜಮಾ ಮಾಡಿಬಿಟ್ಟಿರಿ.

ಈ 'ಪ್ರೇಕ್ಷಕರು' ಯಾರು ಎಂಬುದು ನನ್ನ ಎರಡನೆಯ ತಕರಾರು. ಆರು ಪುಟಗಳಲ್ಲಿ ಅವರು ಹದಿನೇಳು ಸಲ ಬರುತ್ತಾರೆಂದು ಎಣಿಸಿಯೇ ಹೇಳುತ್ತಿದ್ದೇನೆ. ಅವರು ಮಂತ್ರಮುಗ್ಧರಾಗುತ್ತಾರೆ, ಕಣ್ಣೀರಾಗುತ್ತಾರೆ, ಕುರ್ಚಿಯ ತುದಿಗೆ ಬಂದು ಕೂರುತ್ತಾರೆ, ಒಂದೆಡೆ "ಭಾವಲೋಕದಲ್ಲಿ ವಿಹರಿಸುತ್ತಾರೆ". ನಾಲ್ವರು ಕಂಡ ಚಿತ್ರಗಳೆಂದು ಶೀರ್ಷಿಕೆ ಕೊಟ್ಟು, ಆ ನಾಲ್ವರಲ್ಲಿ ಒಬ್ಬರೂ ಏನನ್ನೂ ಕಾಣದಂತೆ ಬರೆಯುವುದು ಸಣ್ಣ ಸಾಧನೆಯಲ್ಲ. 'ಟೋಕಿಯೊ ಸ್ಟೋರಿ' ಬಗ್ಗೆ ನೀವು ಬರೆದ ಸಾಲು ಹೀಗಿದೆ: "ನಿಧಾನಗತಿಯ ನಿರೂಪಣೆ ಪ್ರೇಕ್ಷಕರ ತಾಳ್ಮೆಯನ್ನು ಪರೀಕ್ಷಿಸಿದರೂ ಭಾವನಾತ್ಮಕ ಸನ್ನಿವೇಶಗಳು ಮನಮುಟ್ಟುತ್ತವೆ."

ಯಾರ ತಾಳ್ಮೆ? ನಿಮ್ಮದೇ ಆಗಿದ್ದರೆ, ಎಷ್ಟನೆಯ ನಿಮಿಷಕ್ಕೆ ಅದು ಕೈಕೊಟ್ಟಿತು, ತೆರೆಯ ಮೇಲೆ ಆಗ ಏನು ನಡೆಯುತ್ತಿತ್ತು, ನೀವು ಗಡಿಯಾರ ನೋಡಿದಿರೋ ಮೊಬೈಲ್ ನೋಡಿದಿರೋ ಎಂಬುದನ್ನು ಹೇಳಬೇಕಿತ್ತು. 1953ರ ಈ ಚಿತ್ರ ಎರಡೂಕಾಲು ಗಂಟೆಯದು. ನಿರ್ದೇಶಕ ಓಝು ಅವರ ಕ್ಯಾಮೆರಾ ನೆಲದ ಮೇಲೆ ಕುಳಿತವರ ಎತ್ತರಕ್ಕೂ ಕೆಳಗೆ ಇರುತ್ತದೆ, ಬಹುತೇಕ ಕದಲುವುದೇ ಇಲ್ಲ. ಹಾಗಾಗಿ ಬೇಸರ ಬಂದಿದ್ದರೆ ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ನೀವು ಮೊಬೈಲ್ ನೋಡಿದ್ದು ಅಟಾಮಿಯ ಕಡಲದಂಡೆಯ ದೃಶ್ಯದಲ್ಲಿ ಆಗಿದ್ದರೆ ಕಥೆಯೇ ಬೇರೆ. ತಂದೆ ತಾಯಿಯನ್ನು ನೋಡಿಕೊಳ್ಳಲು ಬಿಡುವಿಲ್ಲದ ಮಕ್ಕಳು ಇಬ್ಬರನ್ನೂ ಅಲ್ಲಿಗೆ ಸಾಗಹಾಕಿದ್ದಾರೆ. ರಾತ್ರಿಯಿಡೀ ವಸತಿಗೃಹದ ಗದ್ದಲದಲ್ಲಿ ನಿದ್ದೆಯಿಲ್ಲ. ಬೆಳಗ್ಗೆ ಇಬ್ಬರೂ ಕಡಲ ಕಟ್ಟೆಯ ಮೇಲೆ ಕುಳಿತಿದ್ದಾರೆ. ಏಳಲು ಹೋದ ಮುದುಕಿಗೆ ಒಂದು ಕ್ಷಣ ತಲೆ ಸುತ್ತುತ್ತದೆ. ಅಷ್ಟೇ. ಸಂಗೀತ ಏರಿ ಎಚ್ಚರಿಸುವುದಿಲ್ಲ, ಕ್ಯಾಮೆರಾ ಹತ್ತಿರಕ್ಕೆ ಓಡಿಬರುವುದಿಲ್ಲ, ಆಕೆಯೂ ಅದನ್ನು ಹಗುರವಾಗಿ ತಳ್ಳಿಹಾಕುತ್ತಾಳೆ. ಮುಂದೆ ಆಕೆ ತೀರಿಕೊಂಡಾಗ ಈ ಕೆಲವು ಸೆಕೆಂಡುಗಳು ತಿರುಗಿ ಬಂದು ಎದೆಯ ಮೇಲೆ ಕೂರುತ್ತವೆ. ಆ ಸೆಕೆಂಡುಗಳನ್ನು ನೋಡದವರಿಗೆ ಚಿತ್ರ ನಿಧಾನ; ನೋಡಿದವರಿಗೆ, ಇಷ್ಟು ಬೇಗ ಮುಗಿಯಿತೇ ಎನ್ನಿಸುವಂಥದ್ದು. ನಿಮ್ಮ ಸಾಲಿನಿಂದ, ನೀವು ಈ ಇಬ್ಬರಲ್ಲಿ ಯಾರೆಂದು ನನಗೆ ತಿಳಿಯುವುದಿಲ್ಲ. "ಮನಮುಟ್ಟುತ್ತವೆ" ಎಂಬ ಮಾತಂತೂ ಯಾವ ಚಿತ್ರಕ್ಕೆ ಬೇಕಾದರೂ ಅಂಟುವ ಗೋಂದು.

ಇಷ್ಟು ಕಟುವಾಗಿ ಬರೆಯುವ ಹಕ್ಕು ನನಗೆ ಹೇಗೆ ಬಂದಿತೆಂದು ನೀವು ಕೇಳಬಹುದು. ಇದೇ ತಪ್ಪನ್ನು ಮಾಡಿ, ಇದಕ್ಕಿಂತ ಕಟುವಾದ ಮಾತನ್ನು ಕೇಳಿಸಿಕೊಂಡವನು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ವಾರಕ್ಕೊಂದು ಚಿತ್ರವಿಮರ್ಶೆ ಬರೆಯುವ ಹೊಣೆ ಬಿದ್ದಿತ್ತು. ಒಂದು ವಿಮರ್ಶೆಯಲ್ಲಿ "ಮಗನ ಕೊನೆಯ ಪತ್ರವನ್ನು ಓದಿ ತಾಯಿ ಬಿಕ್ಕಿ ಬಿಕ್ಕಿ ಅಳುವ ದೃಶ್ಯ ಕರುಳು ಹಿಂಡುತ್ತದೆ" ಎಂದು ಬರೆದು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ. ನಮ್ಮ ಹಿರಿಯ ಸಹಸಂಪಾದಕರೊಬ್ಬರು ಅದನ್ನು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಅತ್ತಳೇ?" ಎಂದರು. "ಅತ್ತಳು ಸಾರ್" ಎಂದೆ. "ಇನ್ನೊಂದು ಸಲ ನೋಡಿಕೊಂಡು ಬಾರಯ್ಯ" ಎಂದು ಟಿಕೆಟ್ಟಿಗೆ ತಾವೇ ಹಣ ಕೊಟ್ಟರು. ಹೋಗಿ ನೋಡಿದೆ. ಆಕೆ ಪತ್ರವನ್ನು ನಾಲ್ಕಾಗಿ ಮಡಚುತ್ತಾಳೆ. ಅದು ಇದ್ದ ಮೇಜನ್ನು ಒಂದು ಬಟ್ಟೆಯಿಂದ ಒರೆಸುತ್ತಾಳೆ. ಮೇಜಿನ ಮೇಲೆ ಧೂಳೇನೂ ಇಲ್ಲ. ಆದರೂ ಮತ್ತೆ ಒರೆಸುತ್ತಾಳೆ. ಆಕೆಯ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಅತ್ತವನು ನಾನು, ಅದೂ ಎರಡು ಸಲ.

ತಲೆ ತಗ್ಗಿಸಿಕೊಂಡು ಬಂದು ಒಪ್ಪಿಕೊಂಡಾಗ ಅವರು ನಗಲಿಲ್ಲ. "ಅವಳು ಏನು ಮಾಡಿದಳು ಅಂತ ಒಂದು ವಾಕ್ಯ ಬರಿ, ನಿನಗೇನಾಯಿತು ಅಂತ ಇನ್ನೊಂದು ವಾಕ್ಯ ಬರಿ, ಎರಡನ್ನೂ ಒಂದರೊಳಗೆ ತುರುಕಬೇಡ" ಎಂದರು. ಕುಲೆಶೋವ್ ಎಂಬ ರಷ್ಯನ್ ನಿರ್ದೇಶಕನ ಹೆಸರನ್ನು ನಾನು ಮೊದಲು ಕೇಳಿದ್ದು ಅಂದೇ. ಸುಮಾರು ನೂರು ವರ್ಷಗಳ ಹಿಂದೆ ಆತ ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಆಟವಾಡುವ ಮಗುವಿನ ಪಕ್ಕ ಜೋಡಿಸಿ ತೋರಿಸಿದನಂತೆ. ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಒಮ್ಮೆ ಸಂತೋಷವನ್ನೂ ಕಂಡು, ಎಂಥ ನಟನೆ ಎಂದು ಹೊಗಳಿದರೆಂದು ಅವನೊಂದಿಗಿದ್ದ ಪುದೋವ್‌ಕಿನ್ ಬರೆದಿಟ್ಟಿದ್ದಾನೆ. ನಮ್ಮ ಹಿರಿಯರು ಇದನ್ನು ವಿವರಿಸಿ, "ಆ ಹೊಗಳಿದವರ ಸಾಲಿನಲ್ಲಿ ನೀನೂ ಇದ್ದೀಯೆ" ಎಂದರು. ಅಂದಿನಿಂದ ನಾನು ಚಿತ್ರಮಂದಿರಕ್ಕೆ ಒಂದು ಪುಟ್ಟ ನೋಟುಪುಸ್ತಕ ಒಯ್ಯತೊಡಗಿದೆ. ಕತ್ತಲಲ್ಲಿ ಬರೆದದ್ದೆಲ್ಲ ಒಂದರ ಮೇಲೊಂದು ಬಿದ್ದು ಮರುದಿನ ಒಂದಕ್ಷರವೂ ಓದಲಾಗುತ್ತಿರಲಿಲ್ಲ. ಎಡಗೈ ಹೆಬ್ಬೆರಳನ್ನು ಸಾಲಿನ ಮೊದಲಲ್ಲಿ ಇಟ್ಟು, ಸಾಲು ಮುಗಿದಂತೆ ಒಂದು ಬೆರಳಗಲ ಕೆಳಗೆ ಜಾರಿಸಿಕೊಳ್ಳುವ ಉಪಾಯ ಹೊಳೆಯಲು ಆರು ತಿಂಗಳು ಬೇಕಾಯಿತು. ಈಗಲೂ ಹಾಗೆಯೇ ಬರೆದುಕೊಳ್ಳುತ್ತೇನೆ, ಮನೆಯಲ್ಲಿ ದೀಪ ಹಾಕಿಕೊಂಡು ನೋಡುವಾಗಲೂ. ಹೆಬ್ಬೆರಳಿಗೆ ಅಭ್ಯಾಸವಾಗಿಬಿಟ್ಟಿದೆ.

ಇನ್ನು 'ಬೈಸಿಕಲ್ ಥೀವ್ಸ್'. "ನಾಯಕನ ಪಾತ್ರದಲ್ಲಿ ನುರಿತ ಕಲಾವಿದನ ಪಕ್ವ ಅಭಿನಯ ಪ್ರೇಕ್ಷಕರನ್ನು ಮಂತ್ರಮುಗ್ಧರನ್ನಾಗಿಸುತ್ತದೆ" ಎಂದಿದ್ದೀರಿ. ಆ ಪಾತ್ರ ಮಾಡಿದ ಲ್ಯಾಂಬರ್ಟೊ ಮಜೊರಾನಿ ಕಾರ್ಖಾನೆಯ ಕೆಲಸಗಾರ. ಅದಕ್ಕೆ ಮೊದಲು ಚಿತ್ರದಲ್ಲಿ ನಟಿಸಿದವರೇ ಅಲ್ಲ. 'ನುರಿತ', 'ಪಕ್ವ' ಎಂಬ ಎರಡು ವಿಶೇಷಣಗಳು ಕೈಗೆ ಸಿಕ್ಕಿದವು, ವಾಕ್ಯಕ್ಕೆ ತೂಕ ಬಂದಂತೆ ಕಂಡಿತು, ಬರೆದಿರಿ. ಚಿತ್ರದ ಕೊನೆಗೆ "ಹೃದಯಸ್ಪರ್ಶಿ ಕ್ಲೈಮ್ಯಾಕ್ಸ್" ಎಂಬ ಎರಡು ಪದ ಖರ್ಚು ಮಾಡಿದ್ದೀರಿ. ಅಲ್ಲಿ ಕಳ್ಳನೆಂದು ಸಿಕ್ಕಿಬಿದ್ದ ತಂದೆಯನ್ನು ಜನ ಎಳೆದಾಡುತ್ತಿರುವಾಗ, ನೆಲಕ್ಕೆ ಬಿದ್ದ ಅವನ ಟೋಪಿಯನ್ನು ಪುಟ್ಟ ಮಗ ಎತ್ತಿಕೊಂಡು ಧೂಳು ಕೊಡವುತ್ತಾನೆ. ಆ ಟೋಪಿಯ ಹೆಸರೂ ನಿಮ್ಮ ಲೇಖನದಲ್ಲಿಲ್ಲ.

ಈಗ ಐದನೆಯ ಪುಟ. ಕೆಲಸಕ್ಕೆ ಸೈಕಲ್ ಬೇಕೇಬೇಕು, ಸೈಕಲ್ ಗಿರವಿಯಲ್ಲಿದೆ, ಅದನ್ನು ಬಿಡಿಸಿಕೊಳ್ಳಲು ಹೆಂಡತಿ ಮನೆಯ ಬೆಡ್‌ಶೀಟುಗಳನ್ನೆಲ್ಲ ಕಟ್ಟಿಕೊಂಡು ಹೋಗಿ ಒತ್ತೆ ಇಡುತ್ತಾಳೆ. ಗಿರವಿ ಅಂಗಡಿಯ ನೌಕರ ಆ ಗಂಟನ್ನು ಹೊತ್ತು ಎತ್ತರದ ಕಪಾಟನ್ನು ಹತ್ತುತ್ತಾ ಹೋಗುತ್ತಾನೆ. ಅವನು ಹತ್ತಿದಂತೆಲ್ಲ ಸಾಲು ಸಾಲಾಗಿ ಅಂಥವೇ ಗಂಟುಗಳು ಕಾಣುತ್ತಾ ಹೋಗುತ್ತವೆ. ಎಷ್ಟು ಮನೆಗಳು ಬರಿಯ ಹಾಸಿಗೆಯ ಮೇಲೆ ಮಲಗಿವೆ ಎಂಬುದನ್ನು ನಿರ್ದೇಶಕ ಡಿ ಸಿಕಾ ಒಂದು ಮಾತೂ ಆಡದೆ ಹೇಳಿಬಿಡುತ್ತಾರೆ. ಈ ದೃಶ್ಯದ ಬಗ್ಗೆ ನೀವು ಬರೆದದ್ದನ್ನು ಇದ್ದಂತೆಯೇ ಇಳಿಸುತ್ತೇನೆ: "ನಮ್ಮಲ್ಲೊಬ್ಬಳು, ಆ ಗಂಟು ಮೇಲೆ ಹೋದ ಮೇಲೆ ನಾನು ಸ್ವಲ್ಪ ಹೊತ್ತು ಸಿನಿಮಾ ನೋಡಲೇ ಇಲ್ಲ, ಅಮ್ಮನ ಹೊಲಿಗೆ ಯಂತ್ರ ಅಂಥ ಕಪಾಟಿನ ಎಷ್ಟನೇ ಸಾಲಿನಲ್ಲಿತ್ತೋ ಅಂತ ಯೋಚಿಸುತ್ತಿದ್ದೆ ಎಂದು ಏನೇನೋ ಹೇಳುತ್ತಾ ಹೋದಳು. ಅದಿರಲಿ, ಒಟ್ಟಾರೆಯಾಗಿ ಚಿತ್ರದ ಛಾಯಾಗ್ರಹಣ ಕಣ್ಣಿಗೆ ಹಬ್ಬ."

ಆ "ಅದಿರಲಿ" ಎಂಬ ಮಾತಿಗೇ ನನಗೆ ಸಿಟ್ಟು ಬಂದದ್ದು. ಆರು ಪುಟಗಳಲ್ಲಿ ಒಬ್ಬರು, ಒಬ್ಬರೇ ಒಬ್ಬರು, ತೆರೆಯ ಮೇಲೆ ಇದ್ದದ್ದನ್ನು ನೋಡಿದ್ದಾರೆ, ತಮಗೆ ಏನಾಯಿತೆಂಬುದನ್ನೂ ಹೇಳಿದ್ದಾರೆ. ನಮ್ಮ ಹಿರಿಯರು ಕೇಳಿದ ಎರಡೂ ವಾಕ್ಯಗಳು ಅಲ್ಲಿವೆ. ಅವರ ಬಾಯಿಗೆ ಕೈ ಅಡ್ಡ ಹಿಡಿದು ನೀವು ಛಾಯಾಗ್ರಹಣದ ಹಬ್ಬಕ್ಕೆ ಹೊರಟಿರಿ. ಅವರದು ಅಭಿಪ್ರಾಯವಲ್ಲ, ಸ್ವಂತದ ಹರಟೆ, ವಿಮರ್ಶೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ನಿಮಗೆ ಅನ್ನಿಸಿರಬೇಕು. ಉಳಿದ ಮೂವರ ಮಾತುಗಳಲ್ಲಿ 'ಪ್ರೇಕ್ಷಕರು' ಇದ್ದರು, 'ನಿರೂಪಣೆ' ಇತ್ತು, 'ಅಮೋಘ' ಇತ್ತು. ಆದ್ದರಿಂದ ಅವು ಲೇಖನಕ್ಕೆ ಯೋಗ್ಯವೆನಿಸಿದವು.

ಹಸ್ತಪ್ರತಿಯನ್ನು ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ. "ಅದಿರಲಿ" ಎಂಬ ಪದದ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಹಾಕಿದ್ದೇನೆ; ಬೇರೆಲ್ಲೂ ಗುರುತು ಮಾಡಿಲ್ಲ. ಸಾಧ್ಯವಾದರೆ ನಿಮ್ಮ ಆ ಸ್ನೇಹಿತೆಯ ಜೊತೆ ಕುಳಿತು ಚಿತ್ರವನ್ನು ಮತ್ತೊಮ್ಮೆ ನೋಡಿ, ಅಂದು ಅವರು ಏನೇನು ಹೇಳುತ್ತಾ ಹೋದರೆಂದು ಕೇಳಿಕೊಂಡು, ಅವರು ಒಪ್ಪಿದರೆ ಬರೆದು ಕಳುಹಿಸಿ. ಆ ಹೊಲಿಗೆ ಯಂತ್ರವನ್ನು ಬಿಡಿಸಿಕೊಂಡು ಬಂದರೇ ಇಲ್ಲವೇ ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ.

ಇಂತಿ,
ಸಂಪಾದಕ