"ನನ್ನ ರೀಡಿಂಗ್ ಯಾವಾಗ್ಲೂ ಜಾಸ್ತಿ ಬರುತ್ತೆ ಮೇಡಂ"

ನಾನು ಆಪ್ತಸಮಾಲೋಚಕಿ. ಲ್ಯಾಬ್‌ನಲ್ಲಿ ಪಕ್ಕದವರ ರೀಡಿಂಗ್ ನೋಡಿ ಬರೆಯುವ ವಿದ್ಯಾರ್ಥಿಗಳು ನನ್ನ ಹತ್ತಿರ ಪದೇ ಪದೇ ಬರುತ್ತಾರೆ. ಆದರೆ ಅದನ್ನು ಹೇಳಿಕೊಳ್ಳೋಕೆ ಅಲ್ಲ. ಲ್ಯಾಬ್ ಇರುವ ದಿನ ಹೊಟ್ಟೆ ತೊಳಸುತ್ತೆ, ಹಿಂದಿನ ರಾತ್ರಿ ನಿದ್ದೆ ಬರಲ್ಲ, ಕೋರ್ಸೇ ಬಿಟ್ಟುಬಿಡೋಣ ಅನ್ನಿಸುತ್ತೆ ಅಂತ ಬರುತ್ತಾರೆ. ಅಂಥ ಒಬ್ಬ ಹುಡುಗಿಯ ವಿಷಯ ಇದು. ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.

ಪದವಿಯ ಮೊದಲ ವರ್ಷ. ಥಿಯರಿಯಲ್ಲಿ ಒಳ್ಳೆಯ ಅಂಕ, ಮೋಲ್ ಲೆಕ್ಕ ಸಲೀಸು. ಲ್ಯಾಬ್ ಅಂದರೆ ಮಾತ್ರ ಕೈ ನಡುಕ. "ನನ್ನ ಕೈಗೆ ಕೆಮಿಸ್ಟ್ರಿ ಹತ್ತಲ್ಲ" ಅಂತ ಅವಳೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

ರೆಕಾರ್ಡ್ ಬುಕ್ ತರಲು ಹೇಳಿದೆ. ಟೈಟ್ರೇಶನ್ ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಎಷ್ಟು ಬೇಕಾಯಿತು ಅಂತ ಅಳೆಯುವ ಪ್ರಯೋಗ. ಆ ಪುಟದಲ್ಲಿ ಮೂರೂ ಸಲ 20.0 ಮಿ.ಲೀ.

"ಮೂರೂ ಒಂದೇ ಬಂತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ಪಕ್ಕದ ಬೆಂಚಿನವರದು. ನಂದು 20.4, 20.4, 20.5. ನನ್ನ ರೀಡಿಂಗ್ ಯಾವಾಗ್ಲೂ ಜಾಸ್ತಿ ಬರುತ್ತೆ ಮೇಡಂ."

"ಒಂದು ಸಲಾನೂ ಕಡಿಮೆ ಬಂದಿಲ್ವಾ?"

"ಇಲ್ಲ."

ನಾನೂ ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು, ಹಾಗಾಗಿ ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ನಡುಕದಿಂದ ತಪ್ಪಿದ್ದರೆ ಒಂದೊಂದು ಸಲ ಒಂದೊಂದು ಥರ ಬರಬೇಕು ಅಲ್ವಾ? ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಬರುತ್ತೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು. ಎಲ್ಲಿ ನಿಲ್ಲಿಸಬೇಕು ಅಂತ ಬಣ್ಣದಿಂದ ತೋರಿಸುವ ಫಿನಾಲ್ಫ್ತಲೀನ್ ತಿಳಿ ಗುಲಾಬಿ ಆದ ಕೂಡಲೇ ನಿಲ್ಲಿಸುತ್ತೀಯಾ ಅಂದೆ, ಹೌದು ಅಂದಳು. ಹಾಗಾದರೆ ಬ್ಯುರೆಟ್ (ದ್ರಾವಣ ಹನಿಸುವ, ಅಳತೆಯ ಗೆರೆಗಳಿರುವ ಗಾಜಿನ ಕೊಳವೆ) ಕೈಗೆ ತಗೊಂಡಲ್ಲಿಂದ ಒಂದೊಂದಾಗಿ ಹೇಳು ಅಂದೆ. ಡಿಸ್ಟಿಲ್ಡ್ ನೀರಲ್ಲಿ ತೊಳೆಯುತ್ತಾಳೆ, ನೇರವಾಗಿ ಸೋಡಿಯಂ ಹೈಡ್ರಾಕ್ಸೈಡ್ ತುಂಬುತ್ತಾಳೆ. ನಡುವೆ ಅದೇ ದ್ರಾವಣದಿಂದ ಒಮ್ಮೆ ಜಾಲಾಡಿಸುವುದನ್ನು ಬಿಟ್ಟಿದ್ದಳು. ಒಳಗೆ ಉಳಿದ ನೀರು ದ್ರಾವಣವನ್ನು ತೆಳು ಮಾಡುತ್ತೆ, ತೆಳುವಾದರೆ ಜಾಸ್ತಿ ಬೇಕಾಗುತ್ತೆ. ಲೆಕ್ಕ ಅವಳೇ ಹಾಕಿದಳು: 50 ಮಿ.ಲೀ. ಬ್ಯುರೆಟ್‌ನಲ್ಲಿ 1 ಮಿ.ಲೀ. ನೀರು ಉಳಿದರೆ 20.0 ಬರಬೇಕಾದ್ದು ಸುಮಾರು 20.4. ಬರೆದದ್ದನ್ನೇ ನೋಡುತ್ತಾ ಕೂತಳು. "ಅಂದ್ರೆ ನನ್ನ ಕೈದಲ್ಲ ತಪ್ಪು?"

ನಾನು ಹೇಳಿದ್ದು ಇಷ್ಟು. ಬ್ಯುರೆಟ್ ಅನ್ನು ತುದಿವರೆಗೂ ದ್ರಾವಣದಿಂದ ಎರಡು ಸಲ ಜಾಲಾಡಿಸು, ಅದರ ಕೆಳಗಿಡುವ ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಲ್ಲಿ ತೊಳೆ. ಬಂದ ರೀಡಿಂಗನ್ನು ಆಗಲೇ ಪೆನ್ನಿನಲ್ಲಿ ಬರಿ. ಬೇರೆಯವರದಕ್ಕೆ ಹೊಂದದಿದ್ದರೆ ಲ್ಯಾಬ್ ಬಿಡುವ ಮೊದಲು ಲೆಕ್ಚರರ್‌ಗೆ ತೋರಿಸು.

ಹೀಗೆ ಹೇಳಿ ಮಕ್ಕಳ ಅಂಕ ಕಳೆಯುತ್ತೀರಿ ಅಂತ ಪರಿಚಯದ ಅಧ್ಯಾಪಕರೊಬ್ಬರು ನನ್ನ ಮೇಲೆ ಬೇಸರ ಮಾಡಿಕೊಂಡರು. ಅಂಕ ಹೋಗಬಹುದು, ಅದನ್ನು ಅವಳಿಗೂ ಹೇಳಿದ್ದೆ. ಆದರೂ ನನ್ನ ಸಲಹೆ ಬದಲಾಗಲ್ಲ. ಪಕ್ಕದವರ ಸಂಖ್ಯೆ ಬರೆಯುತ್ತಿದ್ದಷ್ಟು ದಿನ ತನ್ನ ತಪ್ಪು ಎಲ್ಲಿದೆ ಅಂತ ಹುಡುಕಲು ಅವಳ ಹತ್ತಿರ ಏನೂ ಇರಲಿಲ್ಲ. ಪ್ರತಿ ವಾರ ಮುಚ್ಚಿಡುತ್ತಾ ಹೋದರೆ ಭಯ ಕಡಿಮೆ ಆಗೋದಾದರೂ ಹೇಗೆ? ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೇನೆ, ಅದೊಂದೇ ಸಾಕಾಗುತ್ತಿರಲಿಲ್ಲ.

ಮುಂದಿನ ಟೈಟ್ರೇಶನ್ ಸರಿಯಾಗಿ ಬಂತು. ಆಮೇಲಿನ ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣ ಯಾವುದು ಅಂತ ಪತ್ತೆ ಮಾಡುವ ಪ್ರಯೋಗ) ತಪ್ಪಿತು, ಅಂಕವೂ ಹೋಯಿತು, ಆದರೆ ಬರೆದದ್ದು ಅವಳದೇ. ಕೋರ್ಸ್ ಬಿಡುವ ಮಾತು ಸದ್ಯಕ್ಕೆ ಇಲ್ಲ. ಲ್ಯಾಬ್‌ನ ಹಿಂದಿನ ರಾತ್ರಿ ನಿದ್ದೆ ಮಾತ್ರ ಇನ್ನೂ ಸರಿಹೋಗಿಲ್ಲ, ಅದಕ್ಕಾಗಿ ಬರುತ್ತಿದ್ದಾಳೆ.